ದುಡಿಸಿಕೊಂಡು ಕಳ್ಳ ಅನ್ನುವುದು

ಬೆಳಿಗ್ಗೆಯಿಂದ ಮೈಯೆಲ್ಲ ಉರಿಯುತ್ತಿದೆ. ಇಲ್ಲಿ ಕಾಂಗೋ ದೇಶದ ರಾಜಧಾನಿ ಕಿನ್ಶಾಸಾದಲ್ಲಿ ನಮ್ಮ ಪಕ್ಕದ ಅಂಗಡಿಯವರು, ಅವರೂ ನಮ್ಮ ಕಡೆಯವರೇ, ಒಬ್ಬ ಪುಟ್ಟ ಹುಡುಗನ ಕೈಲಿ ಲಾರಿಯಿಂದ ಬಿಸ್ಕತ್ ಪೆಟ್ಟಿಗೆಗಳನ್ನು ಇಳಿಸಿಕೊಂಡರು. ಕೊನೆಗೆ ಕೊಟ್ಟಿದ್ದು ಐನೂರು ಫ್ರಾಂಕಿನ ಒಂದು ಹರಿದ ನೋಟು. ಇನ್ನೊಂದು ಕೇಳಿದ್ದಕ್ಕೆ "ಕಳ್ಳ ನನ್ಮಗನೇ" ಅಂತ ಅಟ್ಟಿದರು. ಹುಡುಗ ತಲೆ ಮೇಲೆ ಸಿಂಬೆ ಸುತ್ತಿಕೊಂಡಿದ್ದ ಬನಿಯನ್ ಬಿಚ್ಚಿ, ಬೆವರು ಒರೆಸಿಕೊಂಡು, ಅದನ್ನೇ ಹಾಕಿಕೊಂಡು ಹೋದ.

ಇಲ್ಲಿ ಬೀದಿ ಮಕ್ಕಳಿಗೆ ಷೆಗೆ ಅನ್ನುತ್ತಾರೆ. ಮಾರ್ಕೆಟ್‌ನಲ್ಲಿ ಮೂಟೆ ಹೊರುವವರು ಇವರು. ಟ್ರಾಫಿಕ್ ಮಧ್ಯೆ ನುಗ್ಗಿ ನೀರಿನ ಪ್ಯಾಕೆಟ್ ಮಾರುವವರು, ಕಾರು ತೊಳೆಯುವವರು, ಹೋಟೆಲ್ ಹಿಂದೆ ಪಾತ್ರೆ ಉಜ್ಜುವವರು ಇವರು. ಇದು ಕೆಲಸ ಅಲ್ವಾ? ಊರೇ ಇವರ ಕೈಲಿ ದುಡಿಸಿಕೊಂಡು, ಸಂಜೆ ಆಗುತ್ತಲೇ ಕಳ್ಳರು ಅನ್ನುತ್ತದೆ.

ಇವರು ಬೀದಿಗೆ ಬಂದಿದ್ದಾದರೂ ಹೇಗೆ? ಬಡತನ ಒಂದೇ ಅಲ್ಲ. ಅಪ್ಪ ಸತ್ತರೆ, ಮನೆಯಲ್ಲಿ ಯಾರಿಗೋ ಕಾಯಿಲೆ ಬಂದರೆ, ಕೆಲಸ ಹೋದರೆ, ಈ ಮಗುವೇ ಮಾಟ ಮಾಡಿತು ಅಂತ ಬೊಟ್ಟು ಮಾಡುತ್ತಾರೆ. ಕೆಲವು ಪಾಸ್ಟರ್‌ಗಳು ದೆವ್ವ ಬಿಡಿಸುತ್ತೇವೆ ಅಂತ ಮಕ್ಕಳನ್ನು ಉಪವಾಸ ಕೆಡವುತ್ತಾರೆ, ಹೊಡೆಯುತ್ತಾರೆ. ಈ ದೇಶದ 2006ರ ಸಂವಿಧಾನವೇ ಮಕ್ಕಳ ಮೇಲೆ ಮಾಟದ ಆರೋಪ ಹೊರಿಸಬಾರದು ಅನ್ನುತ್ತದೆ. 2009ರ ಮಕ್ಕಳ ರಕ್ಷಣೆಯ ಕಾನೂನಿನಲ್ಲಿ ಅದಕ್ಕೆ ಶಿಕ್ಷೆಯೂ ಇದೆ. ಆದರೂ ಮನೆ ಬಾಗಿಲು ಮುಚ್ಚುತ್ತಲೇ ಇದೆ.

ನಿಮಗೆ ಗೊತ್ತಲ್ಲ, ನಾನೂ ಅಪ್ಪ ಇಲ್ಲದೆ ಬೆಳೆದವಳು. ಅಪ್ಪ ಹೋದಾಗ ನನ್ನ ಕಾಲ್ಗುಣ ಅಂದವರು ನಮ್ಮ ನೆಂಟರಲ್ಲೇ ಇದ್ದರು. ದೊಡ್ಡಪ್ಪ ಆ ಮಾತಿಗೆ ಕಿವಿಗೊಡದೆ ನನ್ನನ್ನು ಮನೆಗೆ ಕರೆದುಕೊಂಡು ಬಂದರು. ಈ ಮಕ್ಕಳಿಗೆ ಅಂಥ ದೊಡ್ಡಪ್ಪ ಸಿಗಲಿಲ್ಲ, ಅಷ್ಟೇ.

"ಕದಿಯೋದೇ ಇಲ್ವಾ ಇವರು?" ಅಂತ ಕೇಳುತ್ತೀರಿ. ಕೆಲವರು ಕದಿಯುತ್ತಾರೆ. ನಶೆ ಮಾಡುವವರೂ ಇದ್ದಾರೆ. ಹಸಿದುಕೊಂಡು ರಸ್ತೆಯಲ್ಲಿ ಮಲಗುವ ಮಗುವಿಗೆ ನೀವು ನೀತಿಪಾಠ ಹೇಳಬೇಡಿ. ಎಲ್ಲರಿಗೂ ಒಂದೇ ಹಣೆಪಟ್ಟಿ ಹಚ್ಚಿದರೆ ಏನಾಗುತ್ತದೆ ಅಂತ ಈ ಊರು ನೋಡಿದೆ. 2013ರ ನವೆಂಬರ್‌ನಲ್ಲಿ ಮಚ್ಚು ಹಿಡಿದು ದೋಚುವ 'ಕುಲುನಾ' ಗ್ಯಾಂಗ್‌ಗಳನ್ನು ಮಟ್ಟ ಹಾಕುತ್ತೇವೆ ಅಂತ ಪೊಲೀಸರು 'ಲಿಕೋಫಿ' ಕಾರ್ಯಾಚರಣೆ ಶುರು ಮಾಡಿದರು. ಕನಿಷ್ಠ 51 ಹುಡುಗರು, ಯುವಕರು ಸತ್ತರು, 33 ಮಂದಿ ನಾಪತ್ತೆಯಾದರು ಅಂತ ಮಾನವ ಹಕ್ಕುಗಳ ಸಂಸ್ಥೆ ಹ್ಯೂಮನ್ ರೈಟ್ಸ್ ವಾಚ್ 2014ರಲ್ಲಿ ವರದಿ ಮಾಡಿತು. ಬಲಿಯಾದವರಲ್ಲಿ ಬೀದಿ ಮಕ್ಕಳೂ ಇದ್ದರು.

ಮಕ್ಕಳ ಕೈಲಿ ಕೆಲಸ ಮಾಡಿಸುವುದೇ ತಪ್ಪು, ಒಪ್ಪುತ್ತೇನೆ. ಅವರಿಗೆ ಮನೆ ಬೇಕು, ಶಾಲೆ ಬೇಕು. ಆದರೆ ಇಲ್ಲಿ ವ್ಯಾಪಾರಕ್ಕೆ ಕೂತಿರುವ ನಮ್ಮ ಜನ, ದೊಡ್ಡ ಹಮಾಲಿಗೆ ಕೊಡುವ ಕೂಲಿ ಇವರಿಗೆ ಕೊಡಲು ಮನಸ್ಸಿಲ್ಲ ಅಂದರೆ, ದಯವಿಟ್ಟು ನಿಮ್ಮ ಮೂಟೆ ನೀವೇ ಹೊತ್ತುಕೊಳ್ಳಿ.