ಜೆರ್ಸಿ ಗೆದ್ದ ಸೆಮಿಫೈನಲ್

ಕಷ್ಟಪಟ್ಟು ಫುಟ್‌ಬಾಲ್ ಆಡೋರಿಗೆಲ್ಲ 2024ರ ಆಫ್ರಿಕಾ ಕಾನ್ಫೆಡರೇಷನ್ ಕಪ್ ಅನ್ನೋ ಕ್ಲಬ್ ಟೂರ್ನಿ ಒಂದು ಸುಲಭದ ದಾರಿ ತೋರಿಸಿಕೊಟ್ಟಿದೆ. ಮೊರಾಕೊದ ಬೆರ್ಕಾನ್ ತಂಡ ಅಲ್ಜೀರಿಯಾದ ಯುಎಸ್‌ಎಂ ಅಲ್ಜೆ ಎದುರಿನ ಸೆಮಿಫೈನಲ್‌ನ ಎರಡು ಲೆಗ್‌ನಲ್ಲೂ (ಒಂದು ಅವರ ಊರಲ್ಲಿ, ಒಂದು ಇವರ ಊರಲ್ಲಿ) ಒಂದು ಪಾಸ್ ಕೊಡದೆ ಫೈನಲ್ ಸೇರಿತು. ಗಾಯ ಇಲ್ಲ, ರೆಡ್ ಕಾರ್ಡ್ ಇಲ್ಲ, ಕೋಚ್ ಗಂಟಲು ಹರಿದುಕೊಳ್ಳೋ ಅಗತ್ಯವೂ ಇಲ್ಲ.

ಇದರ ಶ್ರೇಯಸ್ಸು ಅಲ್ಜೀರ್ಸ್ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೇ ಸಲ್ಲಬೇಕು. ಬೇರೆ ಊರಲ್ಲಿ ಕಸ್ಟಮ್ಸ್‌ನವರು ಚಿನ್ನದ ಬಿಸ್ಕತ್ತು ಹುಡುಕುತ್ತಾರೆ. ಇವರು ಜೆರ್ಸಿ ಬಿಚ್ಚಿ, ಅದರ ಎದೆ ಮೇಲಿದ್ದ ಮೊರಾಕೊ ನಕ್ಷೆಯನ್ನು ನೋಡಿದರು. ಅದರೊಳಗೆ ಪಶ್ಚಿಮ ಸಹಾರಾ! ಮೊರಾಕೊ ತನ್ನದು ಅನ್ನೋ, ಅಲ್ಜೀರಿಯಾ ಒಪ್ಪದ ಜಾಗ. ಸ್ಪೇನ್ 1976ರಲ್ಲಿ ಬಿಟ್ಟುಹೋದ ಆ ಮರಳುಗಾಡಿನ ಜಗಳ ಇಷ್ಟು ವರ್ಷವಾದರೂ ವಿಶ್ವಸಂಸ್ಥೆಗೆ ಬಗೆಹರಿಸಲು ಆಗಿಲ್ಲ. ಇಲ್ಲಿ ಲಗೇಜ್ ಕೌಂಟರ್‌ನಲ್ಲೇ ತೀರ್ಪು ಬಂತು, ಜೆರ್ಸಿ ಜಪ್ತಿ ಆಯ್ತು.

ಈ ಎರಡು ದೇಶಗಳದ್ದು ಹೊಸ ತಕರಾರೇನಲ್ಲ. ನಡುವಿನ ಗಡಿ 1994ರಿಂದ ಮುಚ್ಚಿದೆ, 2021ರಲ್ಲಿ ರಾಜತಾಂತ್ರಿಕ ಸಂಬಂಧವೂ ಹೋಯ್ತು, ಆಕಾಶಕ್ಕೂ ಬೀಗ ಬಿತ್ತು. 2023ರ ಜನವರಿಯಲ್ಲಿ ಅಲ್ಜೀರಿಯಾದಲ್ಲಿ ಟೂರ್ನಿ ನಡೆದಾಗ ನಮ್ಮ ವಿಮಾನವನ್ನು ನೇರವಾಗಿ ಇಳಿಯಲು ಬಿಡಿ ಅಂತ ಮೊರಾಕೊ ಹಠ ಹಿಡಿಯಿತು, ಅಲ್ಜೀರಿಯಾ ಬಿಡಲಿಲ್ಲ, ಮೊರಾಕೊ ಬರಲೇ ಇಲ್ಲ. ಆಗ ವಿಮಾನ, ಈಗ ಅಂಗಿ, ಮುಂದಿನ ಸಲ ಶೂ ಲೇಸ್ ಇರಬಹುದು.

ಇದೆಲ್ಲ ಆಫ್ರಿಕಾ ಫುಟ್‌ಬಾಲ್ ಒಕ್ಕೂಟಕ್ಕೆ ಗೊತ್ತಿರಲಿಲ್ವಾ? ಆ ಜೆರ್ಸಿಗೆ ಒಪ್ಪಿಗೆ ಕೊಟ್ಟಿದ್ದೇ ಅವರು. ಇವರಿಬ್ಬರ ಜಗಳ ಗೊತ್ತಿದ್ದೂ ನಕ್ಷೆಗೆ ಮೊಹರು ಒತ್ತಿ, ಅಲ್ಜೀರ್ಸ್‌ಗೆ ಕಳಿಸಿ, ಆಮೇಲೆ ಗಾಬರಿಯಾದವರಂತೆ ನಿಯಮದ ಪುಸ್ತಕ ತೆಗೆದರು. ನಮ್ಮ ಜೆರ್ಸಿ ಕೊಡದಿದ್ದರೆ ಆಡಲ್ಲ ಅಂತ ಬೆರ್ಕಾನ್‌ನವರು ಪಟ್ಟು ಹಿಡಿದರು, ಪಂದ್ಯ ನಡೆಯಲಿಲ್ಲ. ಒಕ್ಕೂಟ ಆಫೀಸಲ್ಲೇ ಕೂತು ಬೆರ್ಕಾನ್‌ಗೆ 3-0 ಗೆಲುವು ಬರೆಯಿತು. ಮುಂದಿನ ವಾರ ಬೆರ್ಕಾನ್‌ಗೆ ಹೋದ ಯುಎಸ್‌ಎಂ ಅಲ್ಜೆ ತಂಡ ಅದೇ ಜೆರ್ಸಿ ಎದುರು ಮೈದಾನಕ್ಕಿಳಿಯಲ್ಲ ಅಂದಿತು. ಅಲ್ಲಿಗೆ ಸೆಮಿಫೈನಲ್ ಮುಗೀತು.

ಫೈನಲ್‌ನಲ್ಲಿ ಬೆರ್ಕಾನ್ ತವರಲ್ಲಿ 2-1 ಗೆದ್ದು, ಕೈರೋದಲ್ಲಿ 0-1 ಸೋತಿತು. ಒಟ್ಟು 2-2 ಸಮವಾದರೂ, ಎದುರಾಳಿಯ ಊರಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಕಪ್ ಈಜಿಪ್ಟಿನ ಝಮಾಲೆಕ್ ಪಾಲಾಯ್ತು. ಯುರೋಪ್ 2021ರಲ್ಲೇ ಕೈಬಿಟ್ಟ ಲೆಕ್ಕ ಅದು.

ನಗು ಸಾಕು. ಯುಎಸ್‌ಎಂ ಅಲ್ಜೆ ಹಿಂದಿನ ವರ್ಷ ಇದೇ ಕಪ್ ಗೆದ್ದ ತಂಡ. ಗುಂಪು ಹಂತ, ಕ್ವಾರ್ಟರ್ ಫೈನಲ್ ಎಲ್ಲ ದಾಟಿ ಬಂದ ಆಟಗಾರರನ್ನು ಆಟ ಆಡಿ ಯಾರೂ ಟೂರ್ನಿಯಿಂದ ಹೊರಹಾಕಲಿಲ್ಲ, ನಕ್ಷೆ ಹಾಕಿದವರೂ ಜಪ್ತಿ ಮಾಡಿದವರೂ ಮೊಹರು ಒತ್ತಿದವರೂ ಸೇರಿ ಮನೆಗೆ ಕಳಿಸಿದರು. ಆ ಮೂವರಲ್ಲಿ ಒಬ್ಬರೂ ಅವರ ಹತ್ತಿರ ಕ್ಷಮೆ ಕೇಳಿದ್ದನ್ನು ನಾನಂತೂ ಎಲ್ಲೂ ಓದಿಲ್ಲ.