ಕತ್ತೆಗೆ ಡುಬ್ಬ ಬಂದ ಡಿಸೆಂಬರ್

ಹುಬ್ಬಳ್ಳಿ-ಧಾರವಾಡದ ಮಿಷನ್ ಸಾಲಿಗಳಲ್ಲಿ ಕ್ರಿಸ್‌ಮಸ್ ಬರುವುದು ಡಿಸೆಂಬರ್ 25ಕ್ಕಲ್ಲ, 21ಕ್ಕೋ 22ಕ್ಕೋ. 25ಕ್ಕೆ ಸಾಲಿಗೆ ಬೀಗ. ಅದರ ಅಕ್ಕಪಕ್ಕದ ಸೂಟಿ ಪುಕ್ಕಟೆ ಸಿಕ್ಕಿದ್ದಲ್ಲ. ಕ್ರಿಸ್‌ಮಸ್ ರಜೆ ಬೇಕೆನ್ನುವ ಸಂಸ್ಥೆ ಶಿಕ್ಷಣ ಇಲಾಖೆಯ ಜಿಲ್ಲಾ ಅಧಿಕಾರಿ ಡಿಡಿಪಿಐ ಅವರಿಗೆ ಮೊದಲೇ ಮನವಿ ಕೊಟ್ಟು, ಅಷ್ಟು ದಿನಗಳನ್ನು ದಸರಾ ರಜೆಯಲ್ಲಿ ಮುರಿದುಕೊಳ್ಳಬೇಕು. ಬಾಜೂ ಮನೆಯ ಹುಡುಗರು ಬನ್ನಿ ಕೊಟ್ಟು ಬಂದು ಇನ್ನೂ ಹಾಸಿಗೆಯಲ್ಲಿ ಹೊರಳಾಡುತ್ತಿರುವಾಗ ಪಾಟಿಚೀಲ ಹೊತ್ತು ಹೋದ ಸಿಟ್ಟನ್ನು ಮಕ್ಕಳು ಡಿಸೆಂಬರಿನಲ್ಲಿ ತೀರಿಸಿಕೊಳ್ಳುತ್ತಾರೆ. ಹೀಗಾಗಿ ಹಬ್ಬದ ಲೆಕ್ಕವನ್ನೆಲ್ಲ 22ರಿಂದ ಹಿಂದಕ್ಕೆ ಎಣಿಸಬೇಕು. 25ರಿಂದ ಎಣಿಸಿದವರಿಗೆ ಮೊದಲು ಕೈ ಕೊಡುವುದು ಹುಲ್ಲು.

ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯ ಮುಂದೆ ಹಸಿರು ಹಾಸಬೇಕಲ್ಲ, ಅದಕ್ಕೆ ಗೋಧಿ ಸಸಿಯೇ ಸೈ. ಚದರ ಅಡಿಗೆ ಸುಮಾರು 150 ಗ್ರಾಂ ಗೋಧಿ. 11ನೇ ತಾರೀಖು ರಾತ್ರಿ ನೆನೆಹಾಕಿ, 12ಕ್ಕೆ ಅಡಿಯಲ್ಲಿ ತೂತಿರುವ ಟ್ರೇಯಲ್ಲಿ ಒಂದಿಂಚು ಮಣ್ಣು ಹರಡಿ, ಕಾಳಿಗೆ ಕಾಳು ತಾಗುವಂತೆ ಬಿತ್ತಿ, ಎರಡು ದಿನ ಒದ್ದೆ ಗೋಣಿಚೀಲ ಮುಚ್ಚಿಡಬೇಕು. ಡಿಸೆಂಬರಿನ ಚಳಿಗೆ ಐದಾರು ಇಂಚು ಬೆಳೆಯಲು ಹತ್ತು ದಿನ ಬೇಕು. ಒಂದನೇ ತಾರೀಖಿಗೇ ಬಿತ್ತಿದ ಉತ್ಸಾಹಿಗಳ ಟ್ರೇಯಲ್ಲಿ ಕಾರ್ಯಕ್ರಮದ ದಿನ ಹಳದಿ ಬಣ್ಣದ, ಅಡ್ಡಬಿದ್ದ, ಬರಗಾಲದ ಬೆತ್ಲೆಹೇಮ್ ಇರುತ್ತದೆ. ಇನ್ನೊಂದು ಅಪಾಯ ಪ್ರೀತಿಯದು. ನೀರು ಹಾಕುವ ಕೆಲಸವನ್ನು ಒಬ್ಬರಿಗೆ ಒಪ್ಪಿಸದೆ ‘ಎಲ್ಲಾರೂ ನೋಡ್ಕೋರಿ’ ಎಂದರೆ 45 ಮಕ್ಕಳೂ ನೋಡಿಕೊಳ್ಳುತ್ತಾರೆ. ಬೆಳಿಗ್ಗೆ ಒಬ್ಬನ ಬಾಟಲಿ, ಊಟದ ಬಿಡುವಿನಲ್ಲಿ ಹತ್ತು ಜನರ ಬಾಟಲಿ. ನಾಲ್ಕನೇ ದಿನ ಬೇರಿಗೆ ಬಿಳಿ ಬೂಷ್ಟು, ಐದನೇ ದಿನ ವರಾಂಡಾಕ್ಕೆಲ್ಲ ಹುಳಿವಾಸನೆ. ನವರಾತ್ರಿಯಲ್ಲಿ ಮನೆಯೊಳಗೆ ಘಟ ಹಾಕುವ ಅಜ್ಜಿಯರಿಗೆ ಇದೆಲ್ಲ ಬಾಯಿಪಾಠ. ಸಾಲಿಯವರು ಅವರನ್ನು ಕೇಳುವುದಿಲ್ಲ, ಮೊಬೈಲ್ ನೋಡುತ್ತಾರೆ.

ಟ್ರೇಯನ್ನು ಕಿಟಕಿ ಪಕ್ಕ ಇಟ್ಟು ತಿರುಗಿಸದೆ ಬಿಟ್ಟರೆ ಸಸಿಗಳೆಲ್ಲ ಒಂದೇ ಕಡೆ ಬಾಗುತ್ತವೆ. ಆ ಟ್ರೇ ಗೋದಲಿಯ ಎದುರು ಬಂದಾಗ ಮೂರನೇ ಇಯತ್ತೆಯವಳೊಬ್ಬಳು ಖಂಡಿತ ಹೇಳುತ್ತಾಳೆ: ‘ಸಿಸ್ಟರ್, ಹುಲ್ಲೂ ಬಾಲಯೇಸುಗ ನಮಸ್ಕಾರ ಮಾಡಾಕತ್ತೈತ್ರಿ!’ ಹುಲ್ಲು ನಮಸ್ಕಾರ ಮಾಡಿದ್ದು ಕಿಟಕಿಗೆ. ಸಿಸ್ಟರ್ ಮಾತ್ರ ಅಂಥ ಹೊತ್ತಿನಲ್ಲಿ ವಿಜ್ಞಾನ ಹೇಳಲಾರರು. ದಿನಕ್ಕೊಮ್ಮೆ ಟ್ರೇಯನ್ನು ಅರ್ಧ ಸುತ್ತು ತಿರುಗಿಸಿದರೆ ಸಸಿ ನೆಟ್ಟಗೆ ನಿಲ್ಲುತ್ತದೆ, ಭಕ್ತಿ ಸ್ವಲ್ಪ ಕಡಿಮೆಯಾದರೂ.

ಇನ್ನು ಮಣ್ಣಿನ ಪ್ರಾಣಿಗಳು. ಈ ಕಡೆಯ ಮಕ್ಕಳಿಗೆ ಎತ್ತು ಮಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ, ಕೈ ತಾನೇ ಪಳಗಿರುತ್ತದೆ. ನಾಲ್ಕು ಕಾಲು, ಮೇಲೊಂದು ಡುಬ್ಬ, ಎರಡು ಕೋಡು, ಐದು ನಿಮಿಷದಲ್ಲಿ ಎತ್ತು ಸಿದ್ಧ. ತಕರಾರು ಇರುವುದು ಕತ್ತೆಯದು. ಕತ್ತೆಯನ್ನೂ ಅದೇ ಕೈ ಮಾಡುವುದರಿಂದ ಅದೂ ಎತ್ತೇ ಆಗಿ ಹುಟ್ಟುತ್ತದೆ. ಆಮೇಲೆ ಕೋಡನ್ನು ಒತ್ತಿ ಚಪ್ಪಟೆ ಮಾಡಿ ಕಿವಿ ಎನ್ನುತ್ತಾರೆ. ಡುಬ್ಬ ಹಾಗೇ ಉಳಿಯುತ್ತದೆ. ಡುಬ್ಬ ತೆಗೆಸಿ, ಕುತ್ತಿಗೆಯನ್ನು ಸ್ವಲ್ಪ ಮುಂದಕ್ಕೆ ಎಳೆಸಿ, ಬಾಲದ ತುದಿಗೆ ನಾಲ್ಕೆಳೆ ಸೆಣಬು ಅಂಟಿಸಿದರೆ ದೂರದಿಂದ ಕತ್ತೆ ಎಂದು ಒಪ್ಪಬಹುದು. ಅಸಲಿಗೆ ಬೈಬಲಿನ ಲೂಕನ ಸುವಾರ್ತೆಯ ಗೋದಲಿಯಲ್ಲಿ ಎತ್ತೂ ಇಲ್ಲ, ಕತ್ತೆಯೂ ಇಲ್ಲ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಜೀವಂತ ಎತ್ತು, ಕತ್ತೆಗಳನ್ನೇ ನಿಲ್ಲಿಸಿ ಹಬ್ಬ ಮಾಡಿದ್ದರು. ಅವರಿಗೆ ಡುಬ್ಬದ ಚಿಂತೆ ಇರಲಿಲ್ಲ.

ಮಣ್ಣು ಯಾವುದು ಎನ್ನುವುದೂ ಮುಖ್ಯ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಮಣ್ಣು ಹಸಿ ಇರುವಾಗ ಬೆಣ್ಣೆಯಂತೆ ಮಾತು ಕೇಳುತ್ತದೆ, ಒಣಗಿದ ಮೇಲೆ ಕುಗ್ಗಿ ಬಿರಿಯುತ್ತದೆ. ಶುಕ್ರವಾರ ಬಿಸಿಲಿಗಿಟ್ಟು ಹೋದ ಕುರಿಗಾಹಿ ಸೋಮವಾರ ಮೂರು ತುಂಡಾಗಿರುತ್ತಾನೆ. ಮಣ್ಣು ಕಲಸುವಾಗಲೇ ಬಿಡಿಸಿದ ಅರಳೆಯನ್ನೋ ನೆನೆಸಿದ ಕಾಗದವನ್ನೋ ಸೇರಿಸಿ, ನೆರಳಲ್ಲಿ ಮೂರು ದಿನ ಒಣಗಿಸಿದರೆ ಬಿರುಕು ತೀರಾ ಕಡಿಮೆ.

ಬಾಲಯೇಸುವಿನ ಬೊಂಬೆಯನ್ನು ಗೋದಲಿಯಲ್ಲಿ ಇಡುವುದು 24ರ ನಡುರಾತ್ರಿಗೆ ಎನ್ನುವುದು ಕಥೋಲಿಕರ ಪದ್ಧತಿ. ಸಾಲಿಯ ಹಬ್ಬ 22ಕ್ಕೇ ಇರುವುದರಿಂದ ಕೂಸು ಎರಡು ದಿನ ಮುಂಚೆ ಹುಟ್ಟಬೇಕಾಗುತ್ತದೆ. ಅಲ್ಲಿಯವರೆಗೆ ಅದರ ವಸತಿ ಹೆಡ್‌ಮಿಸ್ಟ್ರೆಸ್ ಅವರ ಗೋಡ್ರೇಜ್ ಕಪಾಟಿನಲ್ಲಿ, ಹಾಜರಿ ಪುಸ್ತಕಗಳ ಮಗ್ಗುಲಲ್ಲಿ. ಹೆಡ್‌ಮಿಸ್ಟ್ರೆಸ್ ಬಿಇಒ ಕಚೇರಿಯ ಮೀಟಿಂಗಿಗೆ ಹೋದ ದಿನವೇ ಕಾರ್ಯಕ್ರಮ ಇರುತ್ತದೆ, ಕೀಲಿ ಅವರ ಪರ್ಸಿನಲ್ಲಿರುತ್ತದೆ. ಮರಿಯಳೂ ಯೋಸೇಫನೂ ಖಾಲಿ ಹುಲ್ಲನ್ನು ನೋಡುತ್ತ ಅರ್ಧ ತಾಸು ಕೂತಿರುತ್ತಾರೆ. ಎರಡನೇ ಕೀಲಿ ಶಿಪಾಯಿಯ ಹತ್ತಿರ ಇರಲಿ. ಇಷ್ಟು ಸಣ್ಣ ವಿಷಯ ಯಾವ ಪೂರ್ವಭಾವಿ ಸಭೆಯಲ್ಲೂ ಬರುವುದಿಲ್ಲ.

ನಕ್ಷತ್ರದ ಮಾತು ಸ್ವಲ್ಪ ಉದ್ದ, ಯಾಕೆಂದರೆ ಅತಿ ಹೆಚ್ಚು ಜಗಳ ಹುಟ್ಟುವುದು ಅದರಲ್ಲೇ. ದೀಪಾವಳಿಯ ಆಕಾಶಬುಟ್ಟಿ ಕಟ್ಟಿದವನಿಗೆ ಇದು ಸಲೀಸು ಎಂಬ ಧೈರ್ಯ ಬೇಡ. 36 ಇಂಚಿನ ಬಿದಿರುಕಡ್ಡಿ 10, ಏಳಿಂಚಿನ ಮೋಟುಕಡ್ಡಿ 5. ಐದೈದು ಉದ್ದ ಕಡ್ಡಿಗಳಿಂದ ಎರಡು ಚಪ್ಪಟೆ ನಕ್ಷತ್ರ ಕಟ್ಟಿ, ಒಂದರ ಮೇಲೊಂದಿಟ್ಟು ಐದು ಮೂಲೆ ಬಿಗಿದು, ನಡುವಿನ ಐದು ಸಂದಿಗಳಲ್ಲಿ ಮೋಟುಕಡ್ಡಿ ನಿಲ್ಲಿಸಿದರೆ ಹೊಟ್ಟೆ ಉಬ್ಬುತ್ತದೆ. ಗುಟ್ಟು ಇರುವುದು ಗುರುತಿನಲ್ಲಿ: ಪ್ರತಿ ಕಡ್ಡಿಗೂ ಎರಡೂ ತುದಿಯಿಂದ 13¾ ಇಂಚಿಗೆ ಪೆನ್ಸಿಲ್ ಗೆರೆ. ಕಡ್ಡಿಗಳು ಒಂದನ್ನೊಂದು ದಾಟಬೇಕಾದ್ದು ಅಲ್ಲೇ, ನಡುವೆ ಉಳಿಯುವುದು 8½ ಇಂಚು. ಕಣ್ಣಂದಾಜಿನಲ್ಲಿ ಕಟ್ಟಿದರೆ ಒಂದು ಕಾಲು ಉದ್ದ, ಇನ್ನೊಂದು ಗಿಡ್ಡ, ಮೂರನೆಯದು ಎತ್ತಲೋ. ‘ಸರ್, ನಕ್ಷತ್ರ ಓಡಾಕತ್ತೈತ್ರಿ’ ಎಂದು ಹಿಂದಿನ ಬೆಂಚು ಷರಾ ಬರೆಯುತ್ತದೆ. ಮೋಟುಕಡ್ಡಿಗಳು ಸಮ ಇರದಿದ್ದರೆ ಇಡೀ ಚೌಕಟ್ಟು ಹಪ್ಪಳದಂತೆ ಸೊಟ್ಟಗಾಗುತ್ತದೆ. ಹತ್ತನೆಯವರಿಗೆ ರೇಖಾಗಣಿತ ಹೇಳುವ ಸರ್ ಅಲ್ಲೇ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತಿರುತ್ತಾರೆ. ಅವರನ್ನು ಮಾತ್ರ ಯಾರೂ ಕರೆಯುವುದಿಲ್ಲ, ನಕ್ಷತ್ರ ಡ್ರಾಯಿಂಗ್ ಸರ್ ಖಾತೆಗೆ ಸೇರಿದ್ದು.

ಬಲ್ಬು 9 ವಾಟಿನ ಎಲ್‌ಇಡಿ ಸಾಕು. ಸ್ಟೋರ್ ರೂಮಿನಲ್ಲಿ ಸಿಕ್ಕಿತೆಂದು 60 ವಾಟಿನ ಹಳೇ ಬಲ್ಬು ಹಾಕಿದರೆ ಬಣ್ಣದ ಹಾಳೆ ಕಂದುತ್ತದೆ, ಆಮೇಲೆ ಬೆಂಕಿಯ ಮಾತು. ಧಾರವಾಡದ ಗಾಳಿಗೆ ಹಾಳೆ ಹರಿಯಬಾರದೆಂದರೆ ಹಿಂಬದಿಯ ಪ್ರತಿ ಕಾಲಿಗೂ ರೂಪಾಯಿ ಅಗಲದ ತೂತು ಬಿಡಬೇಕು. ಗಾಳಿಗೆ ಹೊರಹೋಗಲು ದಾರಿ ಕೊಡದಿದ್ದರೆ ಅದು ತಾನೇ ಮಾಡಿಕೊಳ್ಳುತ್ತದೆ.

ಕ್ರಿಸ್‌ಮಸ್ ಗಿಡಕ್ಕೆ ಸರ್ವೆ ಟೊಂಗೆ, ಬಕೀಟಿನಲ್ಲಿ ಹಸಿ ಉಸುಕು, ಮೇಲೆ ನಾಲ್ಕು ಇಟ್ಟಂಗಿ. ಇದರಲ್ಲಿ ಹೇಳಲು ಹೆಚ್ಚೇನಿಲ್ಲ. ಹಿಮದ ಮಾತು ಬೇರೆ. ಮಧ್ಯಾಹ್ನ 28 ಡಿಗ್ರಿ ಬಿಸಿಲಿರುವ ಊರಿನಲ್ಲಿ ಹಿಮಕ್ಕೆ ಇರುವುದು ಹತ್ತಿಯೊಂದೇ, ಅದೂ ಹತ್ತಿ ಬಿಡಿಸುವ ಸುಗ್ಗಿಯೇ ಇದು. ‘ನಾಳೆ ಹತ್ತಿ ತರ್ರಿ’ ಎಂದರೆ ಪ್ಯಾಟಿ ಮಕ್ಕಳು ಮೆಡಿಕಲ್ ಅಂಗಡಿಯ ಸುರುಳಿ ತರುತ್ತಾರೆ, ಹಳ್ಳಿಯಿಂದ ಬರುವವರು ಹೊಲದಿಂದಲೇ ತರುತ್ತಾರೆ, ಬೀಜ ಸಮೇತ. ಬೀಜದ ತೂಕಕ್ಕೆ ಟೊಂಗೆ ಜೋತು, ರಾತ್ರಿ ಇಲಿ ಬಂದು ಹಿಮ ಕೆದರಿ ಬೀಜ ತಿಂದು ಹೋಗುತ್ತದೆ. ಹಿಂಜಿದ ಅರಳೆ ಕಾಲು ಕಿಲೋ ತಂದರೆ ಆರು ಅಡಿಯ ಗಿಡಕ್ಕೆ ಧಾರಾಳ. ಅದರ ಹತ್ತಿರ ಮೇಣದಬತ್ತಿ ಮಾತ್ರ ಸುಳಿಯಬಾರದು.

ನಾಟಕಕ್ಕೆ ಬಂದರೆ, ಸುವಾರ್ತೆಯಲ್ಲಿ ಛತ್ರದ ಯಜಮಾನನೇ ಇಲ್ಲ. ಮರಿಯ, ಯೋಸೇಫರಿಗೆ ಛತ್ರದಲ್ಲಿ ಸ್ಥಳ ಸಿಗಲಿಲ್ಲ ಎಂದಷ್ಟೇ ಇದೆ. ನಕ್ಷತ್ರ ನೋಡಿ ಬಂದ ಜ್ಞಾನಿಗಳು ಮೂವರು ಎಂದೂ ಸುವಾರ್ತೆಯ ಮತ್ತಾಯ ಬರೆದಿಲ್ಲ, ಅವನು ಹೆಸರಿಸಿದ್ದು ಮೂರು ಕಾಣಿಕೆಗಳನ್ನು: ಚಿನ್ನ, ಧೂಪ, ರಕ್ತಬೋಳ. ಆದರೂ ಸಾಲಿಯಲ್ಲಿ ಛತ್ರಗಳು ಮೂರಿರುತ್ತವೆ, ಯಜಮಾನರೂ ಮೂವರು, ಅವರ ಹೆಂಡಂದಿರೂ ಮೂವರು. ತರಗತಿಯಲ್ಲಿ 45 ಮಕ್ಕಳು, 45 ಜನರ ಅವ್ವ-ಅಪ್ಪ ಮೊಬೈಲ್ ಹಿಡಿದು ಎದುರಿಗೆ. ಯಜಮಾನನ ಪಾತ್ರಕ್ಕೆ ಮಾತು ಬಾಯಿಪಾಠ ಮಾಡಿಸಬೇಕಾಗಿಲ್ಲ. ಸಿಟಿ ಬಸ್ಸಿನಲ್ಲಿ ದಿನಾ ಬರುವ ಹುಡುಗ ತಾನಾಗಿಯೇ ‘ಜಾಗಾ ಇಲ್ಲ್ರೀ, ಹಿಂದಿಂದು ಖಾಲಿ ಬರಾಕತ್ತೈತಿ’ ಎನ್ನುತ್ತಾನೆ. ದೇವದೂತರ ರೆಕ್ಕೆಯನ್ನು ಮಾಡುವ ಮುನ್ನ ಬಾಗಿಲು ಅಳೆಯುವುದು ಒಳ್ಳೆಯದು. ನಾಲ್ಕಡಿ ರೆಕ್ಕೆ, ಎರಡೂವರೆ ಅಡಿ ಬಾಗಿಲು. ಗಬ್ರಿಯೇಲ ಅಡ್ಡಡ್ಡ ನಡೆದು ಬಂದು ಮರಿಯಳಿಗೆ ಶುಭವಾರ್ತೆ ಹೇಳುತ್ತಾನೆ, ಇಲ್ಲವೇ ಒಂದೇ ರೆಕ್ಕೆಯಲ್ಲಿ ಬರುತ್ತಾನೆ. ಧೂಪಕ್ಕೆ ನಿಜವಾದ ಲೋಬಾನ ಹಾಕುವುದಾದರೆ ಕಡಲೆಕಾಳಿನಷ್ಟೇ ಸಾಕು. ಮುಷ್ಟಿ ಹಾಕಿದರೆ ಮುಂದಿನ ದೃಶ್ಯವೆಲ್ಲ ಕೆಮ್ಮು.

ಕುರಿಗಾಹಿಗಳು ರಾತ್ರಿ ಹೊಲದಲ್ಲಿ ಮಂದೆ ಕಾಯುತ್ತಿದ್ದರು ಎಂಬ ಸಾಲನ್ನು ಹಾವೇರಿ, ಗದಗ ಕಡೆಯ ಮಕ್ಕಳಿಗೆ ವಿವರಿಸಬೇಕಾದ್ದಿಲ್ಲ. ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುವುದನ್ನು ಕಣ್ಣಾರೆ ಕಂಡವರು. ಕಂಬಳಿಯೂ ಮನೆಯದೇ. ಎಡವಟ್ಟಾಗುವುದು ‘ಸರ್, ಖರೇವಂದ ಮರಿ ತರ್ಲೇನ್ರಿ?’ ಎಂದಾಗ ಹೂಂ ಎನ್ನುವುದರಿಂದ. ಹೊಟ್ಟೆ ತುಂಬಿದ ಮರಿ ವೇದಿಕೆಯ ನಡುವೆ ಹಿಕ್ಕೆ ಹಾಕುತ್ತದೆ. ಅದಕ್ಕೆ ಹೆದರಿ ಉಪವಾಸ ತಂದರೆ ಹತ್ತು ದಿನ ಬೆಳೆಸಿದ ಗೋಧಿ ಹುಲ್ಲನ್ನು ಎರಡು ನಿಮಿಷದಲ್ಲಿ ನುಣ್ಣಗೆ ಮೇಯುತ್ತದೆ. ಪ್ರೇಕ್ಷಕರ ಚಪ್ಪಾಳೆ ಮಾತ್ರ ಅದಕ್ಕೇ ಹೆಚ್ಚು. ಅರ್ಧ ಹೊಟ್ಟೆಗೆ ತಿನ್ನಿಸಿ, ತಂದ ಹುಡುಗನ ಕೈಯಲ್ಲೇ ಇರಿಸಿ, ಗೋದಲಿಗೆ ನಾಲ್ಕಡಿ ದೂರ ನಿಲ್ಲಿಸುವುದು ಇದ್ದುದರಲ್ಲಿ ಕ್ಷೇಮ.

ಹಾಡಿನ ಪೀರಿಯಡ್ಡು ಈ ಊರಿನಲ್ಲಿ ಬೇರೆಯದೇ ಆಟ. ಜರ್ಮನ್ ಮಾತಾಡುವ ಪಾದ್ರಿಗಳ ಬಾಸೆಲ್ ಮಿಷನ್ ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಜರ್ಮನ್ ಧಾಟಿಯ ಕೀರ್ತನೆಗಳು ಅಂದಿನಿಂದ ಇಲ್ಲಿನ ಗಾಳಿಯಲ್ಲಿವೆ. ನಿಘಂಟಿನ ಕಿಟೆಲ್ ಅವರು ಯೇಸುವಿನ ಕಥೆಯನ್ನು ಇಲ್ಲಿಯ ಛಂದಸ್ಸಿಗೇ ಒಗ್ಗಿಸಿ 1862ರಲ್ಲಿ ಪ್ರಕಟಿಸಿದ್ದೂ ಉಂಟು. ಹೀಗೆ ಹಾಡು ಎರಡೂ ಮನೆಯದು, ತಬಲಾ ಮಾತ್ರ ಒಂದೇ ಮನೆಯದು. ಕ್ರಿಸ್‌ಮಸ್ ಹಾಡುಗಳಾದ ಕ್ಯಾರಲ್‌ಗಳಲ್ಲಿ ಬಹಳಷ್ಟು ಮೂರರ ನಡೆಯವು. ಅವಕ್ಕೆ ಆರು ಮಾತ್ರೆಯ ದಾದ್ರಾ ಕೂಡುತ್ತದೆ. ತಬಲಾ ಸರ್ ರೂಢಿಯಂತೆ ಎಂಟು ಮಾತ್ರೆಯ ಕೆಹರವಾ ಹಿಡಿದರೋ, ಮಕ್ಕಳೂ ಅವರೂ 24 ಮಾತ್ರೆಗೊಮ್ಮೆ ಮಾತ್ರ ಸಮ್ ಮೇಲೆ, ಅಂದರೆ ತಾಳದ ಮೊದಲ ಪೆಟ್ಟಿನ ಮೇಲೆ, ಭೇಟಿಯಾಗಿ ಮತ್ತೆ ಅಗಲುತ್ತಾರೆ. ಶ್ರುತಿಯನ್ನು ಹಾಡಿನ ಮೊದಲ ಸ್ವರ ನೋಡಿ ಹಿಡಿಯಬಾರದು. ಅತಿ ಮೇಲಿನ ಸ್ವರವನ್ನು ಮಕ್ಕಳಿಂದ ಹಾಡಿಸಿ ನೋಡಿ, ಅದು ಕಿರುಚದೆ ಬಂದರೆ ಆ ಶ್ರುತಿ. ಒಂಬತ್ತನೆಯ ಗಂಡುಮಕ್ಕಳ ಗಂಟಲು ಒಡೆಯುತ್ತಿರುವ ಕಾಲ. ಅವರನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ ಕೆಳಸ್ಥಾಯಿಯಲ್ಲಿ ಹಾಡಲು ಬಿಡಬೇಕು, ಅಥವಾ ನಕ್ಷತ್ರ ಹಿಡಿಯಲು ಕೊಡಬೇಕು.

ಯಾರು ಯಾರಿಗೆ ಗುಟ್ಟಾಗಿ ಉಡುಗೊರೆ ಕೊಡಬೇಕೆಂದು ಗೊತ್ತುಮಾಡುವ ‘ಕ್ರಿಸ್‌ಮಸ್ ಫ್ರೆಂಡ್’ ಚೀಟಿ ಎತ್ತುವಾಗ ಯಾರೋ ಒಬ್ಬ ತನ್ನ ಹೆಸರನ್ನೇ ಎತ್ತಿ ಬಾಯಿ ಮುಚ್ಚಿಕೊಂಡು ಕೂರುತ್ತಾನೆ, ತನಗೆ ಬೇಕಾದ ಕಂಪಾಸ್ ಬಾಕ್ಸನ್ನು ತಾನೇ ಕೊಂಡುಕೊಳ್ಳಲು. ಇದಕ್ಕೆ ಮಕ್ಕಳನ್ನು ಬೈದು ಫಲವಿಲ್ಲ, ಗಣಿತವೇ ಹಾಗಿದೆ. ತರಗತಿಯಲ್ಲಿ 20 ಮಕ್ಕಳಿರಲಿ 60 ಇರಲಿ, ಕನಿಷ್ಠ ಒಬ್ಬರಿಗಾದರೂ ತಮ್ಮ ಚೀಟಿಯೇ ಬರುವ ಸಂಭವ ಶೇಕಡಾ 63. ಎಲ್ಲ ಚೀಟಿ ಕಲಸಿ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದನೆಯವರು ಎರಡನೆಯವರಿಗೆ, ಎರಡನೆಯವರು ಮೂರನೆಯವರಿಗೆ, ಕೊನೆಯವರು ಮೊದಲಿನವರಿಗೆ ಎಂದು ಟೀಚರ್ ಗುಟ್ಟಾಗಿ ಬರೆದುಕೊಂಡರೆ ಮುಗಿಯಿತು.

ಕೇಕಿಗೂ ಲೆಕ್ಕವೇ ಗತಿ. ಒಂದು ಕಿಲೋ, 45 ಮಕ್ಕಳು, ತಲೆಗೆ 22 ಗ್ರಾಂ. ಚೌಕಾಕಾರದ್ದನ್ನೇ ತಂದು ಉದ್ದಕ್ಕೆ 8 ಗೆರೆ, ಅಡ್ಡಕ್ಕೆ 4 ಗೆರೆ ಕೊಯ್ದರೆ ಸರಿಯಾಗಿ 45. ಕ್ರೀಮ್ ಕೇಕ್ ಅಷ್ಟು ಸಣ್ಣ ತುಂಡಿಗೆ ನಿಲ್ಲದು, ಪ್ಲಮ್ ಕೇಕ್ ನಿಲ್ಲುತ್ತದೆ; ಚಾಕು ಬಿಸಿನೀರಿನಲ್ಲಿ ಅದ್ದಿ ಒರೆಸುತ್ತಿರಬೇಕು. ಮೊದಲ ಎರಡು ತುಂಡನ್ನು ಅತಿಥಿಗಳಿಗೆಂದು ಅಂಗೈ ಅಗಲ ಕೊಯ್ದರೆ 45 ಇದ್ದದ್ದು 38 ಆಗುತ್ತದೆ, ಉಳಿದ ಏಳು ಮಕ್ಕಳಿಗೆ ಪಾರ್ಲೆ-ಜಿ. ಎಗ್‌ಲೆಸ್ ಡಬ್ಬಿಯ ಮುಚ್ಚಳದ ಮೇಲೆ ಗುರುತು ಹಾಕಿ ಪ್ರಯೋಜನವಿಲ್ಲ, ಮುಚ್ಚಳಗಳೇ ಮೊದಲು ಅದಲುಬದಲಾಗುವುದು. ಗುರುತು ಡಬ್ಬಿಯ ಬುಡಕ್ಕಿರಲಿ.

ಸಾಂತಾ ಯಾವಾಗಲೂ ಪಿ.ಟಿ. ಸರ್. ಗಡ್ಡಕ್ಕೆ ಎಲಾಸ್ಟಿಕ್ ಹಾಕಬೇಕು, ಫೆವಿಕಾಲ್ ಅಲ್ಲ. ಗಡ್ಡ ಎಷ್ಟೇ ಗಟ್ಟಿ ಇದ್ದರೂ ‘ಲೈನ್ ಹಚ್ರಿ!’ ಎಂದು ಒಂದು ಸಲ ಗದರಿದ ಕೂಡಲೇ 600 ಮಕ್ಕಳೂ ಸಾಂತಾ ಯಾರೆಂದು ತಿಳಿದು ಸಾಲು ಹಚ್ಚುತ್ತಾರೆ. ಚಾಕಲೇಟು ಎರಚುವುದಕ್ಕಿಂತ ಅದು ನೂರು ಪಾಲು ಮೇಲು.

ಹಬ್ಬ ಮುಗಿದ ಮೇಲೆ ಬೆಂಚಿಗೆ ಅಂಟಿದ ಮೇಣವನ್ನು ಚಾಕುವಿನಿಂದ ಕೆರೆಯಬಾರದು. ಮೇಲೆ ಹಳೇ ಪೇಪರ್ ಹಾಸಿ ಹದಬಿಸಿ ಇಸ್ತ್ರಿ ಎಳೆದರೆ ಮೇಣ ಪೇಪರಿಗೆ ಬರುತ್ತದೆ. ನಕ್ಷತ್ರವನ್ನು ಇಡಿಯಾಗಿ ಸ್ಟೋರ್ ರೂಮಿಗೆ ಹಾಕಿದರೆ ಮೈದಾ ಅಂಟಿನ ರುಚಿಗೆ ಇಲಿ, ಜಿರಳೆ ಜೂನ್‌ವರೆಗೆ ಊಟ ಮಾಡುತ್ತವೆ. ಹಾಳೆ ಕಿತ್ತು, ಕಡ್ಡಿ ಒರೆಸಿ, ಮೋಟುಕಡ್ಡಿ ಬಿಚ್ಚಿ, ಎರಡು ಚಪ್ಪಟೆ ಚೌಕಟ್ಟನ್ನು ಕಪಾಟಿನ ಹಿಂದೆ ಗೋಡೆಗೆ ಆನಿಸಿ ಇಡಬೇಕು. ಮೋಟುಕಡ್ಡಿಗಳನ್ನು ಅದಕ್ಕೇ ಕಟ್ಟಿಡಬೇಕು, ಇಲ್ಲವಾದರೆ ಜನವರಿಯಲ್ಲೇ ಯಾರೋ ಒಬ್ಬ ಸರ್ ಅವನ್ನು ನಕಾಶೆ ತೋರಿಸುವ ಕೋಲು ಮಾಡಿಕೊಳ್ಳುತ್ತಾರೆ.