ಹತ್ತನೇ ಪದ ಎಲ್ಲಿ ಹೋತು?

ನಮ್ಮ ಮನೆಯಲ್ಲಿ ಕೂಲರ್ ಒಂದೇ ಇದೆ. ಮೇ ತಿಂಗಳು ಬಂತಂದ್ರೆ ಅದರ ಗಾಳಿ ಯಾರಿಗೆ ಅಂತ ದಿನಾ ಜಗಳ. ಒಂದು ಕಡೆ ಅವ್ವ. ಇನ್ನೊಂದು ಕಡೆ ನಾನಲ್ಲ, ನನ್ನ ಲ್ಯಾಪ್‌ಟಾಪ್. ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿದರೆ ಅದರ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಒದರಲು ಶುರು ಮಾಡುತ್ತದೆ. ಪ್ರೊಸೆಸರ್ ಜಾಸ್ತಿ ಬಿಸಿಯಾದರೆ ಸುಟ್ಟುಹೋಗಬಾರದು ಅಂತ ತಾನೇ ವೇಗ ಕಡಿಮೆ ಮಾಡಿಕೊಳ್ಳುತ್ತದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮೂರ ಮಂದಿ ಮಾಡುವುದೂ ಅದನ್ನೇ. ಹಾಗಾಗಿ ಅದರ ಮೇಲೆ ನನಗೆ ಸಿಟ್ಟಿಲ್ಲ.

ಅವ್ವನಿಗೆ ಇದೆ. "ಅದಕ್ಕ ಬೆವರು ಬರ್ತದೇನು? ನನಗ ಬರ್ತದ. ಈ ಕಡಿ ತಿರುಗ್ಸು."

ಈ ವಾದಕ್ಕೆ ಉತ್ತರವಿಲ್ಲ. ಆದ್ದರಿಂದ ನನ್ನ ಕಾರ್ಯಾಲಯ ರಾತ್ರಿ ಹತ್ತರ ಮೇಲೆ ಅಡುಗೆಮನೆ ಬಾಗಿಲ ಹತ್ತಿರ, ನೀರಿನ ಕೊಡ ಇಡುವ ಜಾಗದ ಪಕ್ಕ ತೆರೆಯುತ್ತದೆ. ಅಲ್ಲಿನ ಶಹಾಬಾದ್ ಫರಸಿ ಅಷ್ಟೊತ್ತಿಗೆ ಸ್ವಲ್ಪ ತಣ್ಣಗಾಗಿರುತ್ತದೆ. ಲ್ಯಾಪ್‌ಟಾಪಿನ ನಾಲ್ಕು ಮೂಲೆಗೆ ನಾಲ್ಕು ಬಾಟಲಿ ಮುಚ್ಚಳ ಇಟ್ಟರೆ ಕೆಳಗಿಂದ ಗಾಳಿ ಆಡುತ್ತದೆ. ನಾನು ಚಕ್ಕಳಮಕ್ಕಳ ಹಾಕಿ ಕೂರುತ್ತೇನೆ. ಬೆಂಗಳೂರಿನವರು ಕುರ್ಚಿಗೇ ಇಪ್ಪತ್ತು ಸಾವಿರ ಕೊಡುತ್ತಾರಂತೆ. ಕೊಡಲಿ ಪಾಪ.

ಹಗಲು ನಾನು ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ತೊಗರಿ ಇಷ್ಟು ಬಂತು, ಬೇಳೆ ಇಷ್ಟು ಹೋಯಿತು, ಹೊಟ್ಟು ಇಷ್ಟು, ನುಚ್ಚು ಇಷ್ಟು. 2019ರಲ್ಲಿ ನಮ್ಮ ಕಲಬುರಗಿ ತೊಗರಿಬೇಳೆಗೆ ಜಿಐ ಟ್ಯಾಗ್, ಅಂದರೆ ಇದು ಇಂಥ ಊರಿನದೇ ಅನ್ನೋ ಸರ್ಕಾರಿ ಗುರುತು, ಸಿಕ್ಕಿತು. ಅದರ ಚೀಲ ಎಣಿಸುವವನಿಗೆ ಇನ್ನೂ ಸಿಕ್ಕಿಲ್ಲ. ರಾತ್ರಿ ಮಾತ್ರ ನಾನು ಪ್ರೋಗ್ರಾಮ್ ಬರೆಯುತ್ತೇನೆ, ಸುಮ್ನೆ. ಈ "ಸುಮ್ನೆ" ಅನ್ನೋ ಪದವೇ ಎಲ್ಲಾ ತಂಟೆಗೆ ಮೂಲ.

ಕಾಕಾ ಒಂದು ದಿನ ಕೇಳಿದರು. "ತಮ್ಮಾ, ರಾತ್ರಿ ಎರಡರ ತನಕ ಅದರ ಮುಂದ ಕುಂತು ಏನ್ ಮಾಡ್ತಿ?"

"ಪ್ರೋಗ್ರಾಮ್ ಬರಿತೀನಿ ಕಾಕಾ."

"ಎಷ್ಟ್ ಕೊಡ್ತಾರ?"

"ಯಾರೂ ಕೊಡಂಗಿಲ್ಲ."

ಕಾಕಾ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿ, "ಇವಂದು ಲಗ್ನ ಮಾಡ್ರಿ ಲಗೂನ" ಅಂದರು.

ನಮ್ಮ ಕಡೆ ಕಂಪ್ಯೂಟರ್ ಗೊತ್ತಿದೆ ಅಂದರೆ ಪ್ರಿಂಟರ್ ರಿಪೇರಿ ಬರಬೇಕು. ಇಲ್ಲವೇ ಪರೀಕ್ಷೆಯ ಆನ್‌ಲೈನ್ ಅರ್ಜಿ ತುಂಬಲು ಬರಬೇಕು. ಎರಡೂ ಬರೋದಿಲ್ಲ ಅಂದರೆ ನೀವು ಬೆಂಗಳೂರಿಗೆ ಹೋಗಿರಬೇಕು. ಈಗಂತೂ 2024ರಿಂದ ಊರಿಂದಲೇ ಹೊರಡುವ ವಂದೇ ಭಾರತ್ ರೈಲು ಬೇರೆ ಇದೆ, ಇನ್ನೂ ಬೇಗ ಹೋಗಬಹುದು. ಊರಲ್ಲೇ ಇದ್ದು, ದುಡ್ಡೂ ಬರದೆ, ಪ್ರಿಂಟರೂ ಮುಟ್ಟದೆ ಕೋಡ್ ಬರೆಯುವವನು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅದೇ ಮನುಷ್ಯ ಸಂಜೆ ಮೂರು ತಾಸು ಕಟ್ಟೆಯ ಮೇಲೆ ಕೂತು ಇಸ್ಪೀಟ್ ಆಡಿದರೆ ಯಾರೂ "ಎಷ್ಟ್ ಕೊಡ್ತಾರ" ಅಂತ ಕೇಳೋದಿಲ್ಲ ನೋಡಿ.

ಒಂದು ವಿಷಯ ಹೇಳಿಬಿಡುತ್ತೇನೆ. 1991ರಲ್ಲಿ ಪ್ರೋಗ್ರಾಮ್ ಬರೆಯುವ ಪೈಥಾನ್ ಭಾಷೆ ಹೊರಬಂತು. ಅದೇ ವರ್ಷ ಫಿನ್ಲೆಂಡಿನ ಒಬ್ಬ ವಿದ್ಯಾರ್ಥಿ ಕಂಪ್ಯೂಟರ್ ನಡೆಸುವ ಲಿನಕ್ಸ್ ಸಾಫ್ಟ್‌ವೇರ್ ಹೊರತಂದ. ಹವ್ಯಾಸಕ್ಕೆ ಮಾಡ್ತಿದ್ದೀನಿ ಅಂತ ತಾನೇ ಹೇಳಿಕೊಂಡಿದ್ದ. ಅದೇ ವರ್ಷ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ಪಟ್ಟಿಯ ಮೊದಲ ಆವೃತ್ತಿ ಬಂತು, ಅದರಲ್ಲೇ ಕನ್ನಡಕ್ಕೂ ಜಾಗ ಇತ್ತು. ಮತ್ತು ಅದೇ ವರ್ಷ ನಾನು ಹುಟ್ಟಿದೆ. ನಾಲ್ಕರಲ್ಲಿ ಮೂರು ಕೆಲಸಕ್ಕೆ ಬಂದವು ಅನ್ನೋದು ಅಪ್ಪನ ಅಭಿಪ್ರಾಯ.

ನಾನು ಪೈಥಾನ್ ಕಲಿತದ್ದು ವಿಡಿಯೋ ನೋಡಿ. ಎಲ್ಲ ವಿಡಿಯೋದಲ್ಲೂ ಒಂದು ಪಾಠ ಇದ್ದೇ ಇರುತ್ತದೆ, ಪದವನ್ನು ಹಿಂದುಮುಂದು ಮಾಡುವುದು. ಒಂದೇ ಸಾಲಿನ ಕೆಲಸ. ಇಂಗ್ಲಿಷ್ ಪದ ಕೊಟ್ಟರೆ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿ ಬರುತ್ತದೆ. ನಾನು ನಮ್ಮೂರ ಹೆಸರು ಕೊಟ್ಟೆ. ಕಲಬುರಗಿ.

"ಗಿರಬುಲಕ" ಬರಬೇಕಿತ್ತು. ಬಂದದ್ದೇ ಬೇರೆ. ಮೊದಲಿಗೆ ಒಂದು ಚುಕ್ಕಿಗಳ ಸುತ್ತು, ಅದರ ತಲೆಯ ಮೇಲೆ ಒಂಟಿ ಗುಡಿಸು. ಆಮೇಲೆ ಗ. ಆಮೇಲೆ ಬ ಅಕ್ಷರದ ಕೊಂಬು ಕಿತ್ತುಕೊಂಡು ಹೋಗಿ ರ ಅಕ್ಷರಕ್ಕೆ ಅಂಟಿ "ರು" ಆಗಿತ್ತು. ಕೊನೆಗೆ ಬಲಕ. 2014ರಲ್ಲಿ ಸರ್ಕಾರ ಗುಲ್ಬರ್ಗಾ ತೆಗೆದು ಕಲಬುರಗಿ ಮಾಡಿದಾಗಲೂ ನಮ್ಮೂರ ಹೆಸರಿಗೆ ಇಷ್ಟು ಕಷ್ಟ ಆಗಿರಲಿಲ್ಲ.

ಯಾಕೆ ಹೀಗಾಯಿತು ಅಂತ ತಿಳಿಯಲು ಆ ರಾತ್ರಿ ಪೂರ್ತಿ ಹೋಯಿತು. ನಮಗೆ ಕಲಬುರಗಿ ಅಂದರೆ ಐದು ಅಕ್ಷರ. ಕಂಪ್ಯೂಟರಿಗೆ ಏಳು. ಅದರ ಲೆಕ್ಕದಲ್ಲಿ ಕೊಂಬು ಬೇರೆ, ಗುಡಿಸು ಬೇರೆ. ಕಡತದಲ್ಲಿ ಇಡಲು ಒಂದೊಂದಕ್ಕೂ ಮೂರು ಬೈಟ್ ಜಾಗ, ಒಟ್ಟು 21. "ಸ್ತ್ರೀ" ಅಂತ ಬರೆದು ನೋಡಿ. ನಮಗೆ ಒಂದೇ ಅಕ್ಷರ, ಅದಕ್ಕೆ ಆರು. ಒಂದನೇ ಕ್ಲಾಸಿನಲ್ಲಿ ಮಾಸ್ತರು ತಿದ್ದಿಸಿದ ಕಾಗುಣಿತ ಅಂದರೆ ಏನು ಅಂತ ನನಗೆ ನಿಜವಾಗಿ ಗೊತ್ತಾಗಿದ್ದು ಆ ರಾತ್ರಿ, ನೀರಿನ ಕೊಡದ ಪಕ್ಕ.

ಅಲ್ಲಿಂದ ಹುಚ್ಚು ಹಿಡಿಯಿತು.

ಮಧ್ಯೆ ಒಂದು ಮೂರ್ಖ ಕೆಲಸವೂ ಆಯಿತು. ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ಲೆಕ್ಕ ಇಡೋಣ ಅನ್ನಿಸಿತು. ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರ್ ತಂದು, ನಿಮಿಷಕ್ಕೊಮ್ಮೆ ಹೊತ್ತು ಬರೆದಿಡು ಅಂತ ಹೇಳಿ ಕೂರಿಸಿದೆ. ಕರೆಂಟ್ ಹೋದರೆ ಅದೂ ಆಫ್. ಮತ್ತೆ ಬಂದಾಗ ಕಡತದಲ್ಲಿ ಎಷ್ಟು ನಿಮಿಷ ಖಾಲಿ ಇದೆಯೋ ಅಷ್ಟು ಹೊತ್ತು ಕತ್ತಲು. ಜಾಣತನ ಅಲ್ವಾ? ಐದನೇ ದಿನ ಅದು ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಮೆಮೊರಿ ಕಾರ್ಡ್ ಕೆಟ್ಟಿತು. ಕರೆಂಟ್ ಹೋದದ್ದನ್ನು ಎಣಿಸುವ ಯಂತ್ರ ಕರೆಂಟ್ ಹೋಗಿಯೇ ಸತ್ತಿತು. ಇದನ್ನು ಹೇಳಿದಾಗ ಅಪ್ಪ ನಕ್ಕಷ್ಟು ಯಾವ ಹಾಸ್ಯ ಸಂಜೆಯಲ್ಲೂ ನಕ್ಕಿಲ್ಲ.

ಈಗ ಕಾಕಾನ ವಿಷಯಕ್ಕೆ ಬರುತ್ತೇನೆ. ಈ ಬರಹ ಬರೆಯಲು ಕೂತದ್ದೇ ಅದಕ್ಕೆ.

ಕಾಕಾ ಭಜನೆಯವರು. ಏಕತಾರಿ, ತಾಳ, ಅಮಾವಾಸ್ಯೆ ರಾತ್ರಿ ಬೆಳತನಕ ತತ್ವಪದ. ನಮ್ಮ ಜಿಲ್ಲೆ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಜಿಲ್ಲೆ, ಪದಗಳಿಗೆ ಬರವಿಲ್ಲ. ಕಾಕಾ ತಾವು ಹಾಡುವ 64 ಪದಗಳನ್ನು ವರ್ಷಗಳ ಹಿಂದೆ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. ಪುಸ್ತಕದ ಪ್ರತಿಗಳು ಮುಗಿದವು. ಸಿಡಿ ಉಳಿಯಿತು. "ಇದನ್ನ ಮೊಬೈಲ್‌ನಾಗ ಹಾಕ್ಕೊಡು, ರಾತ್ರಿ ಚಾಳೀಸು ಹುಡುಕೋದು ತಪ್ತದ" ಅಂದರು. ಐದು ನಿಮಿಷದ ಕೆಲಸ ಅಂದುಕೊಂಡೆ. ಕಡತ ತೆಗೆದು ಫೋನಿಗೆ ಕಳಿಸಿದೆ. ಕಾಕಾ ನೋಡಿ, "ಇದ್ಯಾವ ಭಾಷಾನೋ ತಮ್ಮಾ?" ಅಂದರು.

ಹಳೇ ಫಾಂಟುಗಳ ಗುಟ್ಟು ಅದು. ಹೊರಗೆ ಕನ್ನಡ, ಒಳಗೆ ಇಂಗ್ಲಿಷ್ ಮತ್ತು ಯುರೋಪಿನ ಇನ್ಯಾವುದೋ ಅಕ್ಷರ. ಬಯಲಾಟದಲ್ಲಿ ಸೋಗು ಹಾಕಿದ ಹಾಗೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ರಾಜ, ಇಲ್ಲದ ಕಡೆ ಬಣ್ಣ ತೊಳೆದ ಮುಖ. ಇದನ್ನು ಹೀಗಳೆಯಲು ಹೇಳುತ್ತಿಲ್ಲ. 1998ರಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಶೇಷಾದ್ರಿವಾಸು ಅವರ "ಬರಹ" ಬಂತು, ಮುಂದೆ ಕನ್ನಡ ಗಣಕ ಪರಿಷತ್ತಿನ "ನುಡಿ" ಬಂತು. ಅವು ಇರದಿದ್ದರೆ ನಮ್ಮ ಎಷ್ಟೋ ಲಗ್ನಪತ್ರಿಕೆಗಳು ಇಂಗ್ಲಿಷಿನಲ್ಲೇ ಇರುತ್ತಿದ್ದವು. ಯುನಿಕೋಡ್ ಇತ್ತು ನಿಜ, ಆದರೆ ಆಗ ಅಂಗಡಿಯವರು ಪುಟ ಕಟ್ಟುತ್ತಿದ್ದ ಸಾಫ್ಟ್‌ವೇರಿಗೆ ಕನ್ನಡದ ಯುನಿಕೋಡ್ ತಿಳಿಯುತ್ತಿರಲಿಲ್ಲ. ಅವರು ತಾನೇ ಏನು ಮಾಡ್ಯಾರು?

ಇಂಥದ್ದನ್ನು ಯುನಿಕೋಡಿಗೆ ತಿರುಗಿಸುವ ಸಾಧನಗಳು ಈಗಾಗಲೇ ಇವೆ. ಬಳಸಿದೆ. ಮುಕ್ಕಾಲು ಪಾಲು ಸರಿಬಂತು. ಉಳಿದ ಕಾಲು ಪಾಲಿಗೆ ನಾನೇ ಬರೆಯಬೇಕಾಯಿತು, ತಲೆ ಕೆಟ್ಟದ್ದೂ ಅಲ್ಲೇ.

ಮೊದಲು ಅರ್ಕಾವೊತ್ತು. ಹಳೇ ಫಾಂಟಿನಲ್ಲಿ ಅದು ಕಣ್ಣಿಗೆ ಕಂಡ ಕಡೆಯೇ ಇರುತ್ತದೆ, ಅಕ್ಷರದ ಬಲಕ್ಕೆ. ಯುನಿಕೋಡಿನಲ್ಲಿ ಉಚ್ಚಾರದಂತೆ "ರ್" ಮೊದಲು ಬರಬೇಕು. ಸರಿ, ಅರ್ಕಾವೊತ್ತು ಸಿಕ್ಕರೆ ಒಂದು ಹೆಜ್ಜೆ ಹಿಂದಕ್ಕೆ ಹಾರಿಸು ಅಂತ ಬರೆದೆ. "ಕರ್ಮ" ಸರಿಯಾಗಿ ಬಂತು. "ಕರ್ಮಿ" ಕೆಟ್ಟ. ಯಾಕಂದರೆ ಒಂದು ಹೆಜ್ಜೆ ಹಾರಿದರೆ ದಾಟುವುದು ಗುಡಿಸನ್ನು ಮಾತ್ರ, ಮ ಇನ್ನೂ ಹಿಂದಿದೆ. ಇಡೀ ಅಕ್ಷರವನ್ನು, ಒತ್ತು ಕೊಂಬು ಸಮೇತ, ದಾಟಬೇಕು. ತತ್ವಪದದಲ್ಲಿ ಕರ್ಮಿಗಳಿಗೆ ಕಡಿಮೆಯಿಲ್ಲ ನೋಡಿ, ಪುಟಕ್ಕೆ ನಾಲ್ಕು ಕಡೆ ಮುರಿದು ಬಿದ್ದಿದ್ದರು.

ಅದು ಮುಗಿಯಿತು. ಹುಡುಕುವ ಪೆಟ್ಟಿಗೆ ಹಾಕಿದೆ. "ಲಿಂಗ" ಅಂತ ಹುಡುಕಿದರೆ ಎಷ್ಟೋ ಪದಗಳು ಸಿಗುತ್ತಲೇ ಇಲ್ಲ. ಕಣ್ಣಮುಂದೆ ಪರದೆಯ ಮೇಲೆ ಲಿಂಗ ಇದೆ, ಕಂಪ್ಯೂಟರ್ ಇಲ್ಲ ಅನ್ನುತ್ತದೆ. ಮೂರು ರಾತ್ರಿ ಹೋದವು. ಕೊನೆಗೆ ಒಂದೊಂದೇ ಅಕ್ಷರದ ಸಂಖ್ಯೆ ಬಿಡಿಸಿ ನೋಡಿದೆ. ಅಂಗಡಿಯ ಪುಣ್ಯಾತ್ಮ ಎಷ್ಟೋ ಕಡೆ ಅನುಸ್ವಾರದ ಬದಲು ಕನ್ನಡದ ಸೊನ್ನೆ ಒತ್ತಿದ್ದ. ಎರಡೂ ದುಂಡಗೆ, ಎರಡೂ ಒಂದೇ ಥರ. ನೋಡುವ ಕಣ್ಣಿಗೆ ಲಿಂಗ. ಕಂಪ್ಯೂಟರಿಗೆ ಲಿ, ಸೊನ್ನೆ, ಗ.

ಖುಷಿಯಲ್ಲಿ ಒಂದೇ ಸಾಲು ಬರೆದೆ. ಸೊನ್ನೆ ಎಲ್ಲಿದ್ದರೂ ಅನುಸ್ವಾರ ಮಾಡು. ಎಲ್ಲ ಲಿಂಗಗಳೂ ಸಿಕ್ಕವು. ರಾತ್ರಿ ಎರಡೂವರೆಗೆ ಕಾಕಾನ ಫೋನಿಗೆ ಹಾಕಿ ಮಲಗಿದೆ.

ಬೆಳಿಗ್ಗೆ ಸುಸಲಾ ತಿನ್ನುತ್ತಾ ಕೂತಿದ್ದೆ. ಕಾಕಾ ಬಂದರು. "ಹತ್ತನೇ ಪದ ಎಲ್ಲಿ ಹೋತು?"

"ಇರಬೇಕು ನೋಡ್ರಿ ಕಾಕಾ."

"ಇಲ್ಲ. ಇಪ್ಪತ್ತನೇದೂ ಇಲ್ಲ. ಮೂವತ್ತೂ ಇಲ್ಲ."

ತಟ್ಟೆ ಕೆಳಗಿಟ್ಟೆ. ಪದಗಳಿಗೆ ನಂಬರ್ ಇದ್ದದ್ದು ಕನ್ನಡ ಅಂಕಿಯಲ್ಲಿ. ಪೈಥಾನ್ ಈ ವಿಷಯದಲ್ಲಿ ಬಹಳ ಮರ್ಯಾದಸ್ಥ, ೧೨ ಅಂತ ಕೊಟ್ಟರೆ ಹನ್ನೆರಡು ಅಂತ ತಾನೇ ತಿಳಿಯುತ್ತದೆ. ಆದರೆ ನಾನು ಸೊನ್ನೆಗಳನ್ನೆಲ್ಲಾ ಅನುಸ್ವಾರ ಮಾಡಿದ್ದೆನಲ್ಲ, ೧೦ ಹೋಗಿ "೧ಂ" ಆಗಿತ್ತು. ಇದು ಸಂಖ್ಯೆಯಲ್ಲ ಅಂತ ಪೈಥಾನ್ ಪ್ರತಿ ಸಲ ಬಾಯಿ ಬಡಿದುಕೊಂಡಿದೆ. ಆದರೆ ತಪ್ಪು ಬಂದರೆ ಸುಮ್ಮನೆ ಮುಂದಕ್ಕೆ ಹೋಗು ಅಂತ ಮೊದಲೇ ಬರೆದಿಟ್ಟವನೂ ನಾನೇ. ಹತ್ತು, ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ಅರವತ್ತು. ಆರು ಪದ ಸದ್ದಿಲ್ಲದೆ ಕಾಣೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಕಾಕಾ ಒಂದೇ ಬೆಳಗಿನಲ್ಲಿ ಹಿಡಿದರು. ಅವರಿಗೆ ಎಲ್ಲಾ ಬಾಯಿಪಾಠ. ಒಂಬತ್ತರ ಆಮೇಲೆ ನಾಲಿಗೆ ತಾನಾಗಿ ಹತ್ತಕ್ಕೆ ಹೋಗುತ್ತದೆ, ಫೋನ್ ಹೋಗಲಿಲ್ಲ.

ಅಕ್ಕಪಕ್ಕ ಅಂಕಿ ಇದ್ದರೆ ಮುಟ್ಟಬೇಡ, ಅಕ್ಷರ ಇದ್ದರೆ ಮಾತ್ರ ಬದಲಿಸು ಅಂತ ತಿದ್ದಿದೆ. ಸರಿಹೋಯಿತು. ಎಐಗೆ ಹೇಳಿದ್ದರೆ ಒಂದು ಕ್ಷಣದಲ್ಲಿ ಬರೆದು ಕೊಡುತ್ತಿತ್ತಲ್ಲ ಅಂತ ಗೆಳೆಯನೊಬ್ಬ ಹೇಳಿದ. ಆಮೇಲೆ ಕುತೂಹಲಕ್ಕೆ ಕೇಳಿ ನೋಡಿದೆ. ಅದೂ ಸೊನ್ನೆಗಳನ್ನೆಲ್ಲಾ ಬದಲಿಸಿ ಕೊಟ್ಟಿತು. ನನ್ನ ಹಾಗೇ, ಆದರೆ ಬೇಗ.

ಈಗ ನನ್ನ ತಕರಾರು. ಊರ ತುಂಬ ಬೋರ್ಡುಗಳಿವೆ, ಇಷ್ಟು ತಿಂಗಳಲ್ಲಿ ಪೈಥಾನ್, ಕೆಲಸ ಗ್ಯಾರಂಟಿ ಅಂತ. ಕಲಿತು ಬಂದ ಹುಡುಗರನ್ನು ಕೇಳಿ, ಒಬ್ಬರೂ ತಮ್ಮ ಹೆಸರನ್ನು ಕನ್ನಡದಲ್ಲಿ ಕೊಟ್ಟು ನೋಡಿರುವುದಿಲ್ಲ. ಊರುಗಳ ಪಟ್ಟಿಯನ್ನು ಅಕ್ಷರಾನುಕ್ರಮದಲ್ಲಿ ಜೋಡಿಸು ಅಂತ ಪೈಥಾನಿಗೆ ಸುಮ್ನೆ ಹೇಳಿದರೆ ಬಳ್ಳಾರಿ ಬಸವಕಲ್ಯಾಣಕ್ಕಿಂತ ಮೊದಲು ಬರುತ್ತದೆ. ಯಾಕಂದರೆ ಯುನಿಕೋಡಿನ ಸಾಲಿನಲ್ಲಿ ಳ ಇರುವುದು ಲ ಪಕ್ಕದಲ್ಲಿ, ನಮ್ಮ ವರ್ಣಮಾಲೆಯಲ್ಲಿ ಕೊನೆಗೆ. ಇಂಗ್ಲಿಷ್ ಉದಾಹರಣೆ ಇಟ್ಟುಕೊಂಡು ಕೂತರೆ ಇದು ಯಾವತ್ತೂ ಕಣ್ಣಿಗೆ ಬೀಳುವುದಿಲ್ಲ. ದೊಡ್ಡ ಕಂಪನಿಗಳು ದೊಡ್ಡ ಕೆಲಸ ಮಾಡುತ್ತವೆ, ಒಪ್ಪಿದೆ. ಕಾಕಾನ 64 ಪದಕ್ಕಾಗಿ ಯಾವ ಕಂಪನಿ ಬರುತ್ತದೆ? ಇಂಥ ಸಿಡಿಗಳು ನಮ್ಮ ಕಡೆ ಎಷ್ಟು ಟ್ರಂಕುಗಳಲ್ಲಿ ಬಿದ್ದಿವೆಯೋ. ಅವನ್ನು ಎತ್ತುವವರು ಸಂಬಳಕ್ಕೆ ಕೂತವರಲ್ಲ, ಸುಮ್ನೆ ಕೂತವರು.

ಪಕ್ಕದ ಮನೆಯ ಹುಡುಗಿ, ಹತ್ತನೇ ಕ್ಲಾಸು, ಈಗ ಭಾನುವಾರ ಬಂದು ಫರಸಿ ಮೇಲೆ ಕೂರುತ್ತಾಳೆ. ಮೊದಲ ದಿನ ಅವಳಿಂದ ಬರೆಸಿದ್ದು ಒಂದೇ ಸಾಲು.

ಬೇಳೆ = ತೊಗರಿ - ಹೊಟ್ಟು - ನುಚ್ಚು

ಇದು ನಿಜವಾದ ಪೈಥಾನ್ ಸಾಲು. ತೊಗರಿ, ಹೊಟ್ಟು, ನುಚ್ಚು ಎಷ್ಟೆಷ್ಟು ಅಂತ ಮೊದಲು ಹೇಳಿಟ್ಟರೆ ನಡೆಯುತ್ತದೆ, ನೀವೂ ನೋಡಿ. ಅವಳು ಓಡಿಸಿ ನೋಡಿದಳು, ಉತ್ತರ ಬಂತು. "ಅಣ್ಣಾ, ಕನ್ನಡದಾಗೂ ನಡಿತದಾ? ಮತ್ತ ಸಾಲ್ಯಾಗ ಯಾಕ ಹೇಳಂಗಿಲ್ಲ?" ಅಂದಳು. ನಾನು ನೀರು ಕುಡಿದೆ.

ಕಾಕಾ ಈಗ ಭಜನೆಗೆ ಫೋನ್ ಒಯ್ಯುತ್ತಾರೆ. ಅಕ್ಷರ ದೊಡ್ಡದು ಮಾಡಿಕೊಟ್ಟಿದ್ದೇನೆ, ಒಂದು ಪರದೆಗೆ ನಾಲ್ಕೇ ಸಾಲು. ಹೋದ ಅಮಾವಾಸ್ಯೆಗೆ ಮೇಳದವರಿಗೆಲ್ಲಾ ತೋರಿಸಿ, "ನಮ್ಮ ಹುಡುಗ ಮಾಡ್ಯಾನ, ಒಂದು ರೂಪಾಯಿ ತಗೊಂಡಿಲ್ಲ" ಅಂದರಂತೆ. ಮರುದಿನ ಬೆಳಿಗ್ಗೆ ಬಾಗಿಲಿಗೆ ಒಂಬತ್ತು ಜನ. ಎಂಟು ಜನರ ಕೈಯಲ್ಲಿ ಮೊಬೈಲ್ ಇತ್ತು. ಒಬ್ಬರು ಪ್ರಿಂಟರ್ ತಂದಿದ್ದರು.